ಮೊನಾಕೊ ಕಾಕಾ

ಗೋಕಾಕದ ಪೇಟೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಅಂಗಡಿಯೊಂದಿದೆ. ಗಲ್ಲಾದ ಹಿಂದಿನ ಗೋಡೆಯ ಮೇಲೆ ಮೂರು ಪಟ. ಒಂದು ಗ್ರಾಮದೇವತೆ ಲಕ್ಷ್ಮೀದೇವಿ, ಇನ್ನೊಂದು ಮೂಡಲಗಿಯ ಶಿವಬೋಧರಂಗ, ಮೂರನೆಯದು ಬೇರಿಂಗ್ ಬಂದ ರಟ್ಟಿನ ಡಬ್ಬಿ ಬಿಚ್ಚಿ, ಅದರ ಬೆನ್ನ ಮೇಲೆ ಕೆಂಪು ಮಾರ್ಕರಿನಿಂದ ಬರೆದ ಸೊಟ್ಟ ಗೆರೆಯ ನಕಾಶೆ. ಮೂರಕ್ಕೂ ದಿನಾ ಊದಿನಕಡ್ಡಿ ತಪ್ಪುವುದಿಲ್ಲ.

ಒಂದು ದಿನ ಯಾದವಾಡ ಕಡೆಯ ರೈತರೊಬ್ಬರು ಫ್ಯಾನ್ ಬೆಲ್ಟಿಗೆಂದು ಬಂದವರು, ಬೆಲ್ಟ್ ಮರೆತು ಆ ನಕಾಶೆಯನ್ನೇ ನೋಡುತ್ತ ನಿಂತರು.

"ಸಾವಕಾರ, ಈ ಹೊಲ ಎಲ್ಲೈತ್ರಿ? ಬಾಂದು ಭಾಳ ಸೊಟ್ಟ ಬಂದೈತಿ. ಅಣ್ತಮ್ಮರ ವಾಟ್ನಿ ಇನ್ನಾ ಆಗಿಲ್ಲೇನು?"

"ಅದು ಹೊಲ ಅಲ್ಲಪಾ ತಮ್ಮಾ. ಮೊನಾಕೊ."

"ಯಾವ ತಾಲೂಕಿಗೆ ಬರ್ತೈತ್ರಿ ಅದು?"

ಕೇಳಿದ್ದರಲ್ಲಿ ಕುಚೋದ್ಯವೇನೂ ಇರಲಿಲ್ಲ. ಮೂಡಲಗಿ ನಿನ್ನೆಮೊನ್ನೆ ಗೋಕಾಕದಿಂದ ಬೇರೆಯಾಗಿ ತಾಲೂಕಾಯಿತು. ಹಾಗೆಯೇ ಇನ್ನೊಂದು ಆಗಿದ್ದರೂ ಆಗಿರಬಹುದು. ತಾಲೂಕು ಹೋಗಲಿ, ಮೊನಾಕೊ ಇಡೀ ದೇಶ ಸೇರಿಸಿದರೂ ಎರಡು ಚದರ ಕಿಲೋಮೀಟರ್, ಅಂದರೆ ಐನೂರು ಎಕರೆಗೆ ತುಸು ಹೆಚ್ಚು. ಹಿಂದಿನ ಕಾಲದ ದೊಡ್ಡ ದೇಸಗತಿಯವರು ಕೇಳಿದ್ದರೆ ನಕ್ಕುಬಿಡುತ್ತಿದ್ದರು. ಆದರೆ ಆ ಐನೂರು ಎಕರೆಯ ಊರಬೀದಿಯಲ್ಲೇ 1929ರಿಂದ ಕಾರಿನ ಶರ್ಯತ್ತು ನಡೆಯುತ್ತ ಬಂದಿದೆ. ಸುತ್ತು 3.337 ಕಿಲೋಮೀಟರ್, ಒಟ್ಟು 78 ಸುತ್ತು. ಇದನ್ನು ನಾನು ಪುಸ್ತಕ ನೋಡಿ ಬರೆಯುತ್ತಿಲ್ಲ. ಆ ಅಂಗಡಿಗೆ ನಟ್ಟು ಕೊಳ್ಳಲು ಹೋದವರಿಗೆಲ್ಲ ಇದು ಬಾಯಿಪಾಠ. ಅಂಗಡಿಯ ಮಾಲೀಕರೇ ನಮ್ಮ ಮೊನಾಕೊ ಕಾಕಾ.

ಕಾಶಿಗೆ ಹೋಗುತ್ತೇನೆ, ಹೋಗುತ್ತೇನೆ ಎಂದು ಮೂವತ್ತು ವರ್ಷ ಹೇಳುತ್ತ, ಹೋಗದೆಯೇ ಕಾಶಿಯ ಗಲ್ಲಿಗಲ್ಲಿಯ ಲೆಕ್ಕ ಕೊಡುವ ಹಿರಿಯರು ಹಿಂದೆ ಊರಿಗೊಬ್ಬರು ಇರುತ್ತಿದ್ದರು. ಕಾಕಾ ಆ ವಂಶದವರು. ಕ್ಷೇತ್ರ ಮಾತ್ರ ಬೇರೆ. ಮಣಿಕರ್ಣಿಕಾ ಘಾಟಿನ ಜಾಗದಲ್ಲಿ ಕಸಿನೊ ತಿರುವು ಬಂದಿದೆ.

"ಮೊನಾಕೊದಾಗ ಉಳಿಯೂದು ಹುಚ್ಚರ ಕೆಲಸ" ಎನ್ನುತ್ತಾರೆ ಕಾಕಾ, ಚಹಾ ಸೋಸಿದಷ್ಟು ನಿರಾಳವಾಗಿ. "ಫ್ರಾನ್ಸಿನ ನೀಸ್ ಅಂತ ಊರೈತಿ. ಅಲ್ಲಿ ಉಳಕೊಂಡು ಮುಂಜಾನೆ ಟ್ರೇನ್ ಹಿಡೀಬೇಕು. ಅರ್ಧ ತಾಸೂ ಹಿಡ್ಯೂದಿಲ್ಲ. ಘಟಪ್ರಭಾದಾಗ ಹತ್ತಿ ಮಿರಜಿಗೆ ಹೋದಂಗ, ಅದಕ್ಕಿಂತ ಸಮೀಪ. ಕುಂತು ನೋಡೂ ಗ್ಯಾಲರಿ ನಮಗ್ಯಾಕ? ರೋಷೆ ಅಂತ ಗುಡ್ಡ ಐತಿ, ಅಲ್ಲಿ ಟಿಕೆಟ್ ಸೋವಿ. ಗುಡ್ಡದ ಮ್ಯಾಲ ಚಾದರ ಹಾಸಿ ಬುತ್ತಿ ಬಿಚ್ಚಬೇಕು."

ಹೇಳುವ ಧಾಟಿ ನೋಡಿದರೆ ಹೋದ ವಾರವಷ್ಟೇ ಚಾದರ ಝಾಡಿಸಿಕೊಂಡು ಬಂದಂತಿರುತ್ತದೆ.

ಪ್ರಯಾಣದ ಖರ್ಚುವೆಚ್ಚವೆಲ್ಲ ಇರುವುದು ಉದ್ರಿ ವಹಿಯ ಹಿಂಬದಿಯಲ್ಲಿ. ಮುಂದಿನಿಂದ ತೆರೆದರೆ ರೈತರ ಬಾಕಿ, ಹಿಂದಿನಿಂದ ತೆರೆದರೆ ಯುರೋಪು. ಎರಡಕ್ಕೂ ನಡುವೆ ನೇರ ಸಂಬಂಧವಿದೆ. ರೈತರಿಗೆ ಕಬ್ಬಿನ ಬಿಲ್ಲು ಬಂದರೆ ಕಾಕಾನಿಗೆ ಉದ್ರಿ, ಉದ್ರಿ ಬಂದರೆ ಮೊನಾಕೊ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆಗೆ ಕಬ್ಬು ಹೋದ 14 ದಿನದೊಳಗೆ ರೊಕ್ಕ ಬರಬೇಕು. ಕಾಕಾ ಈ ಹದಿನಾಲ್ಕು ದಿನವನ್ನು ಹಿಡಿದೇ ವಿಮಾನದ ತಾರೀಖು ಗೊತ್ತುಮಾಡುತ್ತಾರೆ. ಹಾಗಾಗಿ ವಿಮಾನ ಯಾವಾಗಲೂ ಕಾಕಾನನ್ನು ಬಿಟ್ಟೇ ಹಾರುತ್ತದೆ.

ಲೆಕ್ಕದ ಮಾನವೂ ಕಬ್ಬೇ. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕೂತರಲ್ಲ, ಆಗ ಕಾಕಾ ಅಲ್ಲಿಗೆ ಚುರಮುರಿ, ಬಾಳೆಹಣ್ಣು ಕಳಿಸಿದ್ದರು. ಕಡೆಗೆ ಸರ್ಕಾರ 3,300ಕ್ಕೆ ಒಪ್ಪಿಸಿದಾಗ ಊರೆಲ್ಲ ಅರ್ಧ ಖುಷಿ, ಅರ್ಧ ಬೇಜಾರು. ಕಾಕಾ ಮಾತ್ರ ವಹಿ ತೆಗೆದು ಗುಣಿಸಿದರು. "ಯುರೋಪಿನ ವೀಸಾಕ್ಕ 90 ಯೂರೊ. ಯೂರೊಕ್ಕ ನೂರು ರೂಪಾಯಿ ಹಿಡಿ. ಮೂರು ಟನ್ ಕಬ್ಬಿಗೆ ತುಸು ಕಡಿಮಿ. ವೀಸಾ ಸಿಗಲಿಲ್ಲಂದ್ರೂ ರೊಕ್ಕ ವಾಪಸ್ ಇಲ್ಲ. ಅಂದ್ರ ಮೂರು ಟನ್ ನುರಿಸಿ ಒಂದು ಗ್ಲಾಸ್ ಹಾಲೂ ಬರಲಿಲ್ಲ ಅಂದಂಗ." ನಮ್ಮಲ್ಲಿ ಕಬ್ಬಿನ ರಸಕ್ಕೆ ಹಾಲು ಎನ್ನುತ್ತಾರೆಂಬುದು ವೀಸಾ ಕಚೇರಿಗೆ ಗೊತ್ತಿರಲಾರದು.

ವೀಸಾಕ್ಕೆ ಬ್ಯಾಂಕಿನ ಲೆಕ್ಕ ತೋರಿಸಬೇಕು ಎಂದಾಗ, "ಉದ್ರಿ ವಹಿ ತೋರಿಸಿದ್ರ ನಡ್ಯೂದಿಲ್ಲ?" ಎಂದು ನನ್ನನ್ನೇ ಕೇಳಿದರು. ವಾಪಸ್ ಬರುತ್ತೇವೆ ಎಂಬುದಕ್ಕೆ ಪುರಾವೆಯನ್ನೂ ಕೇಳುತ್ತಾರೆ ಎಂದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಮಾತ್ರ ಕಠಿಣ ಐತಿ. ಕರ್ನಾಟಕದಿಂದ ಎಫ್-1ಕ್ಕ ಹೋದವ್ರು ವಾಪಸ್ ಬರ್ತಾರಂತ ಅವ್ರು ಹೆಂಗ ನಂಬಬೇಕು?" ಎಂದರು. 2008ರಲ್ಲಿ ಫೋರ್ಸ್ ಇಂಡಿಯಾ ತಂಡವನ್ನು ಫಾರ್ಮುಲಾ-1 ರೇಸಿಗಿಳಿಸಿ, 2016ರಲ್ಲಿ ಇಂಗ್ಲೆಂಡಿಗೆ ಹೋದ ವಿಜಯ್ ಮಲ್ಯರ ಹೆಸರನ್ನು ಅವರು ತೆಗೆಯಲಿಲ್ಲ. ಕಾಕಾ ಹಿರಿಯರ ಬಗ್ಗೆ ಗೌರವವುಳ್ಳವರು.

ಸರಿ, ವೀಸಾ, ರೊಕ್ಕ ಎರಡೂ ಒದಗಿದವು ಎನ್ನೋಣ. ವ್ಯಾಳೆ ಎಲ್ಲಿದೆ? 2025ರಲ್ಲಿ ಎಫ್-1ನವರು 24 ರೇಸು ಇಟ್ಟಿದ್ದರು. ಆ ವರ್ಷ ಮೇಯಲ್ಲಿ ಬಂದ ಮೊನಾಕೊಗೆ ಲಗ್ನದ ಹಂಗಾಮು ಅಡ್ಡ. ಜೂನಿನಲ್ಲಿ ಸೋಯಾ ಬಿತ್ತನೆ, ಮೂಲೆ ಹಿಡಿದ ಟ್ರ್ಯಾಕ್ಟರುಗಳೆಲ್ಲ ಒಮ್ಮೆಲೇ ಹೊರಬಿದ್ದು ಒಮ್ಮೆಲೇ ಕೆಡುವ ಕಾಲ. ಜುಲೈಯಲ್ಲಿ ಸಿಲ್ವರ್‌ಸ್ಟೋನ್. 1950ರಲ್ಲಿ ಜಗತ್ತಿನ ಚಾಂಪಿಯನ್‌ಶಿಪ್ಪಿನ ಮೊದಲ ರೇಸು ನಡೆದ ಜಾಗ ಎಂದು ಕಾಕಾ ಕೈಮುಗಿದೇ ಹೇಳುತ್ತಾರೆ. ಆದರೆ ಜುಲೈಯಲ್ಲಿ ಘಟಪ್ರಭೆ ಕೆಂಪಗೆ ತುಂಬಿ ಬರುತ್ತಾಳೆ. ಫಾಲ್ಸ್ ನೋಡಲು ಬೀಗರು, ಬೀಗರ ಬೀಗರು, ಅವರ ಪಕ್ಕದ ಮನೆಯವರು ಬರುತ್ತಾರೆ. ಕಾಕಾ ಅವರನ್ನು ಆರು ಕಿಲೋಮೀಟರ್ ಕರೆದೊಯ್ದು, 52 ಮೀಟರ್ ಎತ್ತರದಿಂದ ಬೀಳುವ ನೀರು ತೋರಿಸಿ, ಕೆಳಗಿನ ಹಳೆಯ ವಿದ್ಯುದಾಗಾರದ ಕಡೆ ಬೆರಳು ಮಾಡಿ, "1887ರಾಗ ಇಲ್ಲಿ ಕರೆಂಟ್ ಹುಟ್ಟಿತ್ತು. ಮೊನಾಕೊದಾಗ ರೇಸ್ ಶುರುವಾಗೂಕಿಂತ 42 ವರ್ಷ ಮೊದಲ" ಎನ್ನಬೇಕು. ಈ ಎರಡಕ್ಕೂ ಏನು ಸಂಬಂಧ ಎಂದು ಬೀಗರು ಕೇಳುವುದಿಲ್ಲ. ಅವರ ಕಣ್ಣು ಸುಟ್ಟ ಗೋವಿನಜೋಳದ ಮೇಲಿರುತ್ತದೆ.

ಸೆಪ್ಟೆಂಬರಿನ ಮೊಂಜಾಕ್ಕೆ ಗಣಪತಿ, ಅಕ್ಟೋಬರಿನ ಸಿಂಗಪುರಕ್ಕೆ ದಸರಾ, ಸೀಗಿ ಹುಣ್ಣಿವೆ. ಆಮೇಲೆ ಕಬ್ಬಿನ ಹಂಗಾಮು. ಹಂಗಾಮಿನಲ್ಲಿ ಕಾಕಾ ದೇಶ ಬಿಡುವುದಿರಲಿ, ಮೂಡಲಗಿಯ ತಂಗಿಯ ಮನೆಗೆ ಹೋಗುವುದೇ ಸಾಹಸ. ಮುಂದೆ ಜೋಡಿ ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರ್, ಅದರ ಮೇಲೆ ಎದೆ ನಡುಗಿಸುವ ಡಿಜೆ. ಹಿಂದೆ ಕಾಕಾನ ಹಳೆಯ ಆಲ್ಟೊ.

"ಇದ ನೋಡು ಮೊನಾಕೊ" ಎಂದರು ಕಾಕಾ ಒಮ್ಮೆ, ಸ್ಟೇರಿಂಗ್ ಬಿಟ್ಟು ಕೈ ಚಾಚಿ. ಹಿಂದಿನ ಸೀಟಿನಲ್ಲಿ ನಾನಿದ್ದೆ. "1992ರಾಗ ಸೆನ್ನಾ ಮುಂದ, ಮ್ಯಾನ್ಸೆಲ್ ಹಿಂದ. ಮ್ಯಾನ್ಸೆಲ್ಲನ ಗಾಡಿ ಜೋರಿತ್ತು. ಖರೇ, ಜಾಗಾನ ಇಲ್ಲ. ಎಡಕ್ಕ ಬಂದ, ಬಲಕ್ಕ ಬಂದ, ಕಡೀತನಾ ದಾಟಾಕ ಆಗಲಿಲ್ಲ. ಈಗ ಮುಂದಿರೂದು ಸೆನ್ನಾ, ನಾವು ಮ್ಯಾನ್ಸೆಲ್."

"ಯಾರರ ಇರಲಿ, ಹಾರ್ನ್ ಹೊಡೀರಿ" ಎಂದರು ಪಕ್ಕದಲ್ಲಿದ್ದ ಕಾಕಾನ ಹೆಂಡತಿ, ನಮ್ಮ ಕಾಕು, ತೊಡೆಯ ಮೇಲಿನ ಹೋಳಿಗೆ ಡಬ್ಬಿ ಹಿಡಿದುಕೊಂಡು. ಹೊಡೆದರು. ಡಿಜೆಯಲ್ಲಿ ಸೆನ್ನಾನಿಗೆ ಕೇಳಿಸಲಿಲ್ಲ.

ಇಷ್ಟೆಲ್ಲ ಹೇಳುವ ಕಾಕಾನಿಗೆ ನಾನು ಕೇಳಬಾರದ ಪ್ರಶ್ನೆ ಒಂದಿದೆ. ಗ್ರೇಟರ್ ನೊಯ್ಡಾ. ವೀಸಾ ಬೇಡ, ಪಾಸ್‌ಪೋರ್ಟ್ ಬೇಡ, ಬೆಳಗಾವಿಯಲ್ಲಿ ಗೋವಾ ಎಕ್ಸ್‌ಪ್ರೆಸ್ ಹತ್ತಿದರೆ ದಿಲ್ಲಿಯ ನಿಜಾಮುದ್ದೀನಿನಲ್ಲಿ ಇಳಿಸುತ್ತದೆ. 2011ರಲ್ಲಿ ಅಲ್ಲಿಗೇ ಎಫ್-1 ರೇಸು ಬಂದಾಗ ದೀಪಾವಳಿ ಮುಗಿದು ನಾಲ್ಕೇ ದಿನ, ಮನೆತುಂಬ ಮಂದಿ. 2012ರಲ್ಲಿ "ಮುಂದಿನ ವರ್ಷ". 2013ರಲ್ಲಿ "ಮುಂದಿನ ವರ್ಷ ಖಾತ್ರಿ". ಮೂರೂ ವರ್ಷ ವೆಟಲ್ ಗೆದ್ದ, ರೇಸು ನಿಂತೇಹೋಯಿತು. "ಮೂರು ಸರ್ತೀನೂ ಒಬ್ಬನ ಗೆದ್ರ ನೋಡೂದೇನೈತಿ" ಎಂದು ಕಾಕಾ ಆ ಅಧ್ಯಾಯ ಮುಚ್ಚಿದ್ದಾರೆ.

ಮನೆಯಲ್ಲಿ ಕಾಕಾನ ಎಫ್-1 ಬಗ್ಗೆ ಗಂಭೀರವಾಗಿ ಯೋಚಿಸಿದವರು ಇಬ್ಬರೇ. ಒಬ್ಬರು ಕಾಕಾನ ಅವ್ವ. ಟಿವಿಯಲ್ಲಿ ರೇಸು ಅರ್ಧ ನೋಡಿ ಕೇಳಿದರಂತೆ:

"ಎಪ್ಪತ್ತೆಂಟು ಸುತ್ತು ತಿರುಗಿ ಎಲ್ಲಿಗೆ ಹೋಗ್ತಾವೋ ಇವು?"

"ಎಲ್ಲಿಗೂ ಇಲ್ಲಬೇ. ಬಿಟ್ಟಲ್ಲೇ ಬರ್ತಾವು."

"ನಿಮ್ಮ ಮುತ್ಯಾನ ಗಾಣದ ಎತ್ತೂ ಅದನ್ನ ಮಾಡ್ತಿತ್ತು. ಕಡೀಕ ಎಣ್ಣಿನರ ಬರ್ತಿತ್ತು."

ಇನ್ನೊಬ್ಬರು ಹುಕ್ಕೇರಿಯ ಮಾವ. ಹುಕ್ಕೇರಿಯವರಿಗೆ ಕರೆಂಟಿನ ವಿಷಯದಲ್ಲಿ ಒಂದು ಅಭಿಮಾನವಿದೆ. 1969ರಿಂದ ಅಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೇ ಮನೆಮನೆಗೆ ಕರೆಂಟು ಹಂಚುತ್ತದೆ, ರಾಜ್ಯದಲ್ಲಿ ಅಂಥದು ಇನ್ನೊಂದಿಲ್ಲ. ಸಿಂಗಪುರದ ರೇಸು ರಾತ್ರಿ ನಡೆಯುತ್ತದೆ, 2008ರಲ್ಲಿ ಎಫ್-1ನ ಮೊದಲ ರಾತ್ರಿ ರೇಸು ಅದೇ, ಬೀದಿಯೆಲ್ಲ ಹಗಲಾಗಿರುತ್ತದೆ ಎಂದು ಅಳಿಯ ವರ್ಣಿಸಿದಾಗ ಮಾವ ಕನ್ನಡಕ ಸರಿಮಾಡಿಕೊಂಡು, "ಅಳಿಯಂದ್ರ, ಮೀಟರ್ ಯಾರ ಹೆಸರಿನ್ಯಾಗೈತಿ?" ಎಂದು ಕೇಳಿದರು. ಉದ್ರಿ ವಹಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಒಂದು ಸಲ ಮಾತ್ರ ಕಾಕಾನ ಮಾತು ಪೇಟೆಯಲ್ಲೆಲ್ಲ ನಡೆಯಿತು. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಕುಶ್ ಮೈನಿ ಅದೇ ಮೊನಾಕೊ ಬೀದಿಯಲ್ಲಿ ಫಾರ್ಮುಲಾ-2ರ ಸ್ಪ್ರಿಂಟ್ ರೇಸು ಗೆದ್ದಾಗ. ಕಾಕಾ ಎರಡು ಕಿಲೋ ಕರದಂಟು ತರಿಸಿ, ಬಂದವರ ಕೈಗೆಲ್ಲ ಇಟ್ಟರು. ಸಿಂಗಪುರದ ಸೆಕೆಯಲ್ಲಿ ಒಂದು ರೇಸಿಗೆ ಡ್ರೈವರ್ ಮೈಯಿಂದ ಎರಡು-ಮೂರು ಕಿಲೋ ಬೆವರು ಇಳಿಯುತ್ತದೆ, ಅಂಟು, ಉತ್ತತ್ತಿ, ಒಣಕೊಬ್ಬರಿ, ಬೆಲ್ಲ ಬಿದ್ದರೆ ಒಂದೇ ವಾರದಲ್ಲಿ ಭರ್ತಿ, ಬಾಣಂತಿಗೆ ನಡೆದದ್ದು ಡ್ರೈವರಿಗೆ ನಡೆಯುವುದಿಲ್ಲವೇ ಎಂಬುದು ಅವರ ವಾದ. ಅವ್ವ ಕರದಂಟು ಬಾಯಿಗೆ ಹಾಕಿಕೊಂಡು, "ಹುಡುಗ ಯಾರ ಪೈಕಿ?" ಎಂದಷ್ಟೇ ಕೇಳಿದರು.

ಕಾಕಾನ ಪಾಸ್‌ಪೋರ್ಟ್ 2014ರದು, ಹುಬ್ಬಳ್ಳಿಗೆ ಹೋಗಿ ಮಾಡಿಸಿದ್ದು. ಹತ್ತು ವರ್ಷ ಲಕ್ಷ್ಮೀದೇವಿಯ ಪಟದ ಹಿಂದೆ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಅವಧಿ ಮುಗಿದು ಹೊಸದು ಮಾಡಿಸಿದಾಗ ಹಳೆಯದರ ಮೂಲೆ ಕತ್ತರಿಸಿ, ರದ್ದು ಎಂದು ಠಪ್ಪೆ ಹೊಡೆದು ಕೊಟ್ಟರು. ಕಾಕಾ ಅದನ್ನು ನನಗೆ ತೋರಿಸಿದರು. ಅದರೊಳಗೆ ಬಿದ್ದ ಮೊದಲ ಠಪ್ಪೆ ಅದು. ಅವರ ಮುಖದಲ್ಲಿ ನನಗೆ ದುಃಖವೇನೂ ಕಾಣಲಿಲ್ಲ. ಜೊತೆಗೇ ಕಾಕುಗೂ ಒಂದು ಪಾಸ್‌ಪೋರ್ಟ್ ಮಾಡಿಸಿದ್ದರು. ಹೋದರೆ ಜೋಡಿಯಾಗಿ ಹೋಗಬೇಕೆಂದು.

ಅಲ್ಲೇ ಎಡವಟ್ಟಾದದ್ದು. ಫೆಬ್ರುವರಿಯ ಒಂದು ಸಂಜೆ ಮೂಡಲಗಿಯ ನಾದಿನಿ ಫೋನ್ ಮಾಡಿ, "ವೈನಿ, ನಮ್ಮ ಭಿಶಿ ಗುಂಪಿನವ್ರು ಸಿಂಗಪುರಕ್ಕ ಹೊಂಟೇವಿ. ಊಟಕ್ಕ ಚಪಾತಿ-ಪಲ್ಯ ಟೂರಿನವ್ರದ. ಬರ್ತೀರೇನು?" ಎಂದಳು. ಕಾಕು ಮೆಂತ್ಯೆಪಲ್ಲೆ ಸೋಸುತ್ತಿದ್ದರು. ಸೂಡು ಮುಗಿಯುವುದರೊಳಗೆ ಹೂಂ ಎಂದಾಗಿತ್ತು. ಭಿಶಿ ಚೀಟಿಯ ರೊಕ್ಕ ಇತ್ತು, ಎಮ್ಮೆ ಹಾಲಿನ ರೊಕ್ಕ ಇತ್ತು, ವಹಿ ಬೇಕಾಗಲಿಲ್ಲ. ಹೋದರು, ಆರು ದಿನಕ್ಕೆ ಬಂದರು.

ತಂದ ಫೋಟೊಗಳಲ್ಲಿ ಒಂದರಲ್ಲಿ ಕಾಕು ಇಳಕಲ್ ಸೀರೆ, ಕಾಲಿಗೆ ಬಿಳಿ ಬೂಟು, ಹಿಂದೆ ಕಬ್ಬಿಣದ ಹಳೆಯ ಸೇತುವೆ. ಕಾಕಾ ಮೊಬೈಲನ್ನು ಕಣ್ಣಿಗೆ ತಾಗಿಸಿದರು. ಕೈ ಸಣ್ಣಗೆ ನಡುಗುತ್ತಿತ್ತು.

"ಇದು ಆಂಡರ್ಸನ್ ಬ್ರಿಜ್! ಹನ್ನೆರಡನೇ ತಿರುವು ದಾಟಿ ಹದಿಮೂರಕ್ಕ ಹೋಗೂ ದಾರಿ! ಇಲ್ಲೇ ಗಾಡಿ ಓಡ್ತಾವು!"

"ಹೌದೇನ್ರಿ? ನಮ್ಮ ಫಾಲ್ಸಿನ ತೂಗು ಸೇತುವಿಯಂಗ ಅಳ್ಳಾಡೂದಿಲ್ಲ, ಗಟ್ಟಿ ಐತಿ."

"ನೀ ನಡು ದಾರ್‍ಯಾಗ ನಿಲ್ಲಬೇಕಿತ್ತು."

"ನಡು ದಾರ್‍ಯಾಗ ನಿಂತ್ರ ದಂಡ ಹಾಕ್ತಾರಂತ. ಸಂಜಿಕೆ ಹುಕ್ಕೇರಿಗೆ ಹೋಗೂದೈತಿ, ಗಾಡಿಗೆ ಪೆಟ್ರೋಲ್ ಹಾಕ್ಸ್ರಿ."

ಮರುದಿನ ಚಹಾದಂಗಡಿಯಲ್ಲಿ ಕಾಕಾ ಎಲ್ಲರಿಗೂ ಹೇಳುತ್ತಿದ್ದರು: "ನಾನ ಕಳಿಸಿದ್ದೆ. ಹೋಗೂಕಿಂತ ಮೊದಲ ಯಾರರ ಟ್ರ್ಯಾಕ್ ನೋಡಿ ಬರಬೇಕಾಗ್ತೈತಿ." ಅಂಗಡಿಯ ಗೋಡೆಗೆ ಈಗ ನಾಲ್ಕನೆಯ ಪಟ ಬಂದಿದೆ. ಅದೂ ಬೇರಿಂಗ್ ಡಬ್ಬಿಯದೇ ರಟ್ಟು, ಸಿಂಗಪುರದ ಸುತ್ತು. ಕಾಕು ನಿಂತ ಜಾಗಕ್ಕೆ ಒಂದು ನೀಲಿ ಚುಕ್ಕೆ.

ಮೊನ್ನೆ ಯಾದವಾಡದ ಆ ರೈತರೇ ಗ್ರೀಸ್ ಡಬ್ಬಿಗೆಂದು ಮತ್ತೆ ಬಂದಿದ್ದರು. ನೀಲಿ ಚುಕ್ಕೆಯ ಮೇಲೆ ಬೆರಳಿಟ್ಟು ಕೇಳಿದರು.

"ಸಾವಕಾರ, ಈ ಹೊಲ ಬ್ಯಾರೆ ಐತಲ್ಲ? ಇಲ್ಲೇನು ಬೋರ್ ಹೊಡಿಸೂದು? ನೀರು ಬಿತ್ತೇನ್ರಿ?"

ಕಾಕಾ ಗ್ರೀಸ್ ಡಬ್ಬಿಯ ಧೂಳು ಒರೆಸಿ ಗಲ್ಲಾದ ಮೇಲಿಟ್ಟರು.

"ಬಿದ್ದೈತಪಾ. ಹೆಂಡ್ತಿ ಹೆಸರಿನ್ಯಾಗ ಬಿದ್ದೈತಿ."