ಒಂದು ಪ್ಲೈವುಡ್ ಹಾಳೆಯಷ್ಟು ಬಚ್ಚಲು

ಮೈಸೂರಿನ ಕುವೆಂಪುನಗರದ ಆ ಮನೆಯಲ್ಲಿ ಯಜಮಾನರು ದಿನಕ್ಕೆ ಎಷ್ಟು ಸಲ ಬಚ್ಚಲಿಗೆ ಹೋದರು ಎಂಬ ಲೆಕ್ಕವನ್ನು ಯಾರೂ ಇಡಬೇಕಾಗಿಲ್ಲ, ನೆಲವೇ ಇಡುತ್ತದೆ. ಗರಾಜಿನಿಂದ ಹೊರಟು, ಅಡುಗೆಮನೆ ಬಾಗಿಲು ದಾಟಿ, ದೇವರಮನೆಯ ಮುಂದೆ ಕೊಂಚ ಓರೆಯಾಗಿ, ಬಚ್ಚಲ ತನಕ ಸಾಗುವ ಮರದ ಹೊಟ್ಟಿನ ಹೆಜ್ಜೆಗಳನ್ನು ಮನೆಯಾಕೆ ಸಂಜೆ ಗುಡಿಸುವಾಗ ಎಣಿಸುತ್ತಾರೆ. "ಏನ್ರೀ, ಇವತ್ತು ಏಳು. ನಿನ್ನೆ ಐದಿತ್ತು. ಡಾಕ್ಟರಿಗೆ ತೋರಿಸೋಣ್ವಾ, ಇಲ್ಲಾ ಬಡಗಿ ಕೆಲಸ ಬಿಡ್ತೀರಾ?"

ಯಜಮಾನರು ಎರಡಕ್ಕೂ ಸಿದ್ಧರಿರಲಿಲ್ಲ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ದುಡಿದು, ಮ್ಯಾನೇಜರಾಗಿ ನಿವೃತ್ತರಾದ ಮೇಲೆ ಕಾರು ಮಾರಿ, ಆ ಜಾಗದಲ್ಲಿ ಗರಗಸ, ಉಳಿ, ಡ್ರಿಲ್ ತುಂಬಿಕೊಂಡವರು ಅವರು. ಗರಾಜು ಹತ್ತು ಅಡಿ ಅಗಲ, ಹದಿನೆಂಟು ಅಡಿ ಉದ್ದ. ಹೊಟ್ಟಿನ ಸಮಸ್ಯೆಗೆ ಅವರಿಗೆ ಹೊಳೆದ ಪರಿಹಾರ ಒಂದೇ: ಗರಾಜಿನೊಳಗೇ ಒಂದು ಪುಟ್ಟ ಬಚ್ಚಲು. ಎರಡು ವಾರದ ಕೆಲಸ ಎಂದರು. ಸಾಲದ ಅರ್ಜಿಯ ಹಾಗೆ ಒಂದು ಫೈಲು ತೆರೆದರು. ಫೈಲು ದಪ್ಪವಾಗುತ್ತಾ ಹೋಯಿತು, ಬಚ್ಚಲು ಮಾತ್ರ ಹುಟ್ಟಲಿಲ್ಲ.

ಮೊದಲ ಹಾಳೆಯಲ್ಲಿ ಇತಿಹಾಸವಿತ್ತು. ಕಮೋಡಿನ ಕೆಳಗೆ ಹಾವಿನಂತೆ ಬಳುಕುವ ಕೊಳವೆಗೆ 1775ರಲ್ಲಿ ಪೇಟೆಂಟ್ ಪಡೆದ ಅಲೆಕ್ಸಾಂಡರ್ ಕಮ್ಮಿಂಗ್ ಕಸುಬಿನಿಂದ ಗಡಿಯಾರ ಮಾಡುವವನು. ಆ ಬಳುಕಿನಲ್ಲಿ ಒಂದಿಷ್ಟು ನೀರು ಸದಾ ನಿಂತಿರುವುದರಿಂದಲೇ ಚರಂಡಿಯ ವಾಸನೆ ಮನೆಯೊಳಗೆ ಬರುವುದಿಲ್ಲ. ಮೂರು ವರ್ಷದ ನಂತರ ಕಮ್ಮಿಂಗನ ಕಮೋಡನ್ನು ಸುಧಾರಿಸಿದ ಜೋಸೆಫ್ ಬ್ರಾಮಾ ಬಡಗಿ ಕೆಲಸ ಕಲಿತವನು. ಮುಂದೆ ಬೀಗ ಮಾಡಿ ಹೆಸರಾದ. "ನೋಡಿದೆಯಾ, ಪಾಯಿಖಾನೆ ಹುಟ್ಟಿದ್ದೇ ನಮ್ಮಂಥವರ ಕೈಯಲ್ಲಿ," ಎಂದು ಯಜಮಾನರು ಕಾಫಿಯ ಹೊತ್ತಿನಲ್ಲಿ ಘೋಷಿಸಿದರು. "ಅವರು ಮಾಡಿದ್ರು. ನೀವು ಓದ್ತಾ ಇದ್ದೀರಿ," ಎಂದರು ಆಕೆ.

ಎರಡನೆಯ ಹಾಳೆ ರೈಲ್ವೆಯದು. ನಮ್ಮ ದೇಶದಲ್ಲಿ ಮೊದಲ ಪ್ರಯಾಣಿಕರ ರೈಲು ಓಡಿದ್ದು 1853ರಲ್ಲಿ. ಎಂಜಿನ್ ಓಡಿಸುವವರಿಗಾಗಿ ಎಂಜಿನ್ನಿನಲ್ಲೇ ಬಯೋ ಟಾಯ್ಲೆಟ್ ಕೂರಿಸಲು ಶುರುವಾದದ್ದು 2016ರಲ್ಲಿ. ದುಡಿಯುವ ಜಾಗದಲ್ಲಿ ದುಡಿಯುವವನಿಗೆ ಪಾಯಿಖಾನೆ ಕೊಡಲು ಜಗತ್ತು ಎಷ್ಟು ಮೀನಮೇಷ ಎಣಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದು ಯಜಮಾನರ ಗಂಟಲು ಗದ್ಗದವಾಯಿತು. ಆಕೆ ಬೆರಳು ಮಡಚಿ ಲೆಕ್ಕ ಹಾಕಿದರು. "ನೂರಾ ಅರವತ್ಮೂರು ವರ್ಷ. ಹಾಗಾದ್ರೆ ನಿಮಗಿನ್ನೂ ಟೈಮಿದೆ ಬಿಡಿ."

ಮೂರನೆಯ ಹಾಳೆಯಲ್ಲಿ ಕೊನೆಗೂ ಅಳತೆ ಬಂತು. ಬಚ್ಚಲು, ಪಾಯಿಖಾನೆ ಒಟ್ಟಿಗಿದ್ದರೆ ಕನಿಷ್ಠ 2.8 ಚದರ ಮೀಟರ್ ಜಾಗ, 1.2 ಮೀಟರ್ ಅಗಲ, 2.1 ಮೀಟರ್ ಎತ್ತರ ಇರಬೇಕೆನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಮೀಟರನ್ನು ಅಡಿಗೆ ಇಳಿಸಿದಾಗ ಯಜಮಾನರು ಕುರ್ಚಿಯಿಂದ ಎದ್ದೇ ಬಿಟ್ಟರು. ಅಗಲ ನಾಲ್ಕು ಅಡಿಯೊಳಗೆ, ವಿಸ್ತೀರ್ಣ ಮೂವತ್ತು ಚದರ ಅಡಿಗೆ ಚೂರು ಮೇಲೆ! ಅಂದರೆ ಗೋಡೆಗೆ ಒರಗಿ ನಿಂತಿರುವ ಎಂಟು-ನಾಲ್ಕರ ಪ್ಲೈವುಡ್ ಹಾಳೆಯೊಳಗೆ ಸಂಹಿತೆಯ ಬಚ್ಚಲು ಕೂತು, ಬದಿಯಲ್ಲಿ ಒಂದು ಬಕೆಟ್ಟಿಗೂ ಜಾಗ ಉಳಿಯುತ್ತದೆ. ಹಾಳೆಯನ್ನು ನೆಲಕ್ಕೆ ಮಲಗಿಸಿ, ಅಡುಗೆಮನೆಯಿಂದ ರಂಗೋಲಿ ಡಬ್ಬಿ ತಂದು ಸುತ್ತ ಗೆರೆ ಎಳೆದರು. ಹಾಳೆ ಎತ್ತಿದ ಮೇಲೆ ಉಳಿದ ಆಯತದೊಳಗೆ ಕಮೋಡಿಗೊಂದು ವೃತ್ತ, ಮೂಲೆಯ ಬೇಸಿನ್ನಿಗೊಂದು ತ್ರಿಕೋನ, ನಹಾನಿ ಟ್ರ್ಯಾಪಿಗೊಂದು ಚುಕ್ಕಿ.

ಆಮೇಲೆ ಪ್ರಯೋಗ. ವೃತ್ತದ ಮೇಲೆ ಪ್ಲಾಸ್ಟಿಕ್ ಸ್ಟೂಲಿಟ್ಟು ಕೂತರು. ಕಮೋಡಿನ ನಡುಗೆರೆಯಿಂದ ಪಕ್ಕದ ಗೋಡೆಗೆ ಹದಿನೈದು ಇಂಚು, ಮುಂದೆ ಮಂಡಿಗೆ ಇಪ್ಪತ್ತೊಂದು ಇಂಚು ಬೇಕೆಂದು ಓದಿದ್ದರು. ಟೇಪು ಹಿಡಿದು ಎಡಕ್ಕೆ ಬಾಗಿದರು, ಬಲಕ್ಕೆ ಬಾಗಿದರು. ಇಲ್ಲದ ಮಗ್ಗಿನಲ್ಲಿ ಇಲ್ಲದ ನೀರು ಮೊಗೆದರು. ಇಲ್ಲದ ಬಾಗಿಲನ್ನು ಒಳಕ್ಕೆ ಎಳೆದಾಗ ಎರಡೂವರೆ ಅಡಿಯ ಅದರ ಅಂಚು ಮಂಡಿಚಿಪ್ಪಿಗೆ ಬಡಿಯುತ್ತಿತ್ತು. ಹೊರಕ್ಕೆ ತೆರೆದರೆ ಬಡಗಿ ಮೇಜಿನ ಕಾಲಿಗೆ. ಜಾರುಬಾಗಿಲೇ ಗತಿ. ಕೆಳಗೆ ಕಾಲುವೆ ತೋಡಿದರೆ ಒಂದೇ ದಿನದಲ್ಲಿ ಹೊಟ್ಟು ತುಂಬಿಕೊಳ್ಳುತ್ತದೆ, ಹಾಗಾಗಿ ಮೇಲಿನ ಕಂಬಿಗೆ ತೂಗುಹಾಕುವಂಥದ್ದೇ ಆಗಬೇಕು. ಇಷ್ಟೆಲ್ಲ ಸ್ಟೂಲಿನ ಮೇಲೆ ಕೂತೇ ತೀರ್ಮಾನವಾಯಿತು. ತಲೆ ಎತ್ತಿದರೆ, ಎದುರುಮನೆಯವರು ಗೇಟಿನಾಚೆ ಹಾಲಿನ ಪ್ಯಾಕೆಟ್ಟು ಹಿಡಿದು ನಿಂತಿದ್ದರು. "ಯೋಗಾಭ್ಯಾಸಾನಾ ಸಾರ್?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದರು.

ಇನ್ನೇನು ಗಾರೆಯವರನ್ನು ಕರೆಸಬೇಕು, ಅಷ್ಟರಲ್ಲಿ ಭಾವಮೈದುನನ ಫೋನು. "ಯಾವ ಮೂಲೆ ಭಾವ?"

ಈಶಾನ್ಯ. ಚರಂಡಿಯ ಚೇಂಬರ್ ಅಲ್ಲಿಂದ ಆರೇ ಅಡಿ. ಅದಕ್ಕಿಂತ ಪ್ರಶಸ್ತ ಜಾಗ ಇನ್ನೊಂದಿಲ್ಲ ಎಂದು ಪ್ಲಂಬಿಂಗ್ ಶಾಸ್ತ್ರ ಹೇಳಿದರೆ, ಅದಕ್ಕಿಂತ ಅನಿಷ್ಟವಾದ ಜಾಗ ಇನ್ನೊಂದಿಲ್ಲ ಎಂದಿತು ವಾಸ್ತುಶಾಸ್ತ್ರ. ಆಕೆಯೂ ತಮ್ಮನ ಪಕ್ಷ. ರಂಗೋಲಿ ಒರೆಸಿಕೊಂಡು ಬಚ್ಚಲು ಹದಿನೆಂಟು ಅಡಿ ಹಿಂದಕ್ಕೆ, ಮೆಟ್ಟಿಲಿನ ಕೆಳಗಿನ ವಾಯವ್ಯಕ್ಕೆ ಹೋಯಿತು. ವಾಸ್ತುಪುರುಷ ಸಮಾಧಾನಗೊಂಡ, ನ್ಯೂಟನ್ ತಕರಾರು ತೆಗೆದ.

ತಕರಾರನ್ನು ಪತ್ತೆಹಚ್ಚಿದವನು ಪ್ಲಂಬರ್. ಅವನು ಬ್ಯಾಗಿನಿಂದ ತೆಗೆದದ್ದು ಯಾವ ಯಂತ್ರವನ್ನೂ ಅಲ್ಲ. ಬೆರಳು ಗಾತ್ರದ, ಮಾಸಿದ, ಪಾರದರ್ಶಕವಾದ ಒಂದು ಪೈಪು. ಅದರೊಳಗೆ ನೀರು ತುಂಬಿ, ಗುಳ್ಳೆಗಳೆಲ್ಲ ಹೋಗುವ ತನಕ ಚಿಟಿಕೆ ಹೊಡೆದು, ಒಂದು ತುದಿಯನ್ನು ಯಜಮಾನರ ಕೈಗಿತ್ತು, ಇನ್ನೊಂದನ್ನು ಹಿಡಿದು ಚೇಂಬರ್ ಹತ್ತಿರ ಕುಕ್ಕರಗಾಲಲ್ಲಿ ಕೂತ. "ಬೆರಳು ತೆಗೀರಿ ಸಾರ್... ಅಲ್ಲಾಡಿಸಬೇಡಿ." ಎರಡು ತುದಿಯಲ್ಲೂ ನೀರು ಮೇಲೆ ಕೆಳಗೆ ತೂಗಾಡಿ, ಒಂದೇ ಮಟ್ಟಕ್ಕೆ ನಿಂತಿತು. ಪೆನ್ಸಿಲಿನಲ್ಲಿ ಗುರುತು ಹಾಕಿ ಅಳೆದರೆ, ಚೇಂಬರಿನ ಬಾಯಿ ಗರಾಜಿನ ನೆಲಕ್ಕಿಂತ ಒಂದೇ ಇಂಚು ಕೆಳಗಿತ್ತು. ಮನೆ ಮೂರಡಿ ತಳಪಾಯದ ಮೇಲೆ ಗಂಭೀರವಾಗಿ ಕೂತಿದ್ದರೆ, ಕಾರು ಸಲೀಸಾಗಿ ಇಳಿಯಲೆಂದು ಗರಾಜನ್ನು ರಸ್ತೆಯ ಮಟ್ಟಕ್ಕೇ ಕಟ್ಟಿದ್ದರು.

ನಾಲ್ಕಿಂಚಿನ ಪೈಪಿಗೆ ನಲವತ್ತು ಅಡಿಗೆ ಒಂದಡಿ ಇಳಿಜಾರು ಕೊಡುವುದು ವಾಡಿಕೆ. ಇಪ್ಪತ್ನಾಲ್ಕು ಅಡಿ ದೂರಕ್ಕೆ ಏಳಿಂಚು ದಾಟುತ್ತದೆ. ನೆಲದೊಳಕ್ಕೆ ಇಳಿಯುವ ಮಾಮೂಲಿ ಕಮೋಡ್ ಹಾಕಿದರೆ ಬೆಂಡಿನ ಎತ್ತರವೂ ಸೇರಿ ಬಚ್ಚಲ ನೆಲವನ್ನು ಒಂದಡಿಗೂ ಮಿಕ್ಕಿ ಏರಿಸಬೇಕು. ಮೆಟ್ಟಿಲಿನ ಕೆಳಗೆ ಇರುವುದೇ ಏಳೂವರೆ ಅಡಿ. ಸಂಹಿತೆಯ 2.1 ಮೀಟರ್ ಎಂದರೆ ಹತ್ತಿರ ಹತ್ತಿರ ಏಳಡಿ. ಯಜಮಾನರು ಫೈಲು ಮುಚ್ಚಿದರು. ಬ್ಯಾಂಕಿನಲ್ಲಿ ಅರ್ಜಿ ತಿರಸ್ಕರಿಸುವಾಗ ಅವರ ಮುಖ ಹೀಗೆಯೇ ಆಗುತ್ತಿತ್ತೆಂದು ಆಕೆಗೆ ನೆನಪು.

"ಪಿ ಟ್ರ್ಯಾಪ್ ಹಾಕಿ ಸಾರ್," ಎಂದ ಪ್ಲಂಬರ್, ಪೈಪಿನ ನೀರು ಚೆಲ್ಲುತ್ತಾ. "ಅದು ಹಿಂದಕ್ಕೆ, ಗೋಡೆಯಿಂದ ಹೊರಗೆ ಹೋಗುತ್ತೆ. ನೆಲದಿಂದ ಏಳಿಂಚು ಮೇಲೇ ಸಿಗುತ್ತೆ ನಿಮಗೆ. ನೆಲ ನಾಲ್ಕಿಂಚು ಎತ್ತಿದ್ರೆ ಸಾಕು. ಕೈಕಾಲು ತೊಳೆದ ನೀರನ್ನ ಹಿಂದಿನ ಬಾಳೆಗಿಡಕ್ಕೆ ಬಿಟ್ಟುಬಿಡಿ. ಫೆವಿಕಾಲ್ ಕೈ ಮಾತ್ರ ಬೇಸಿನ್ನಲ್ಲಿ ತೊಳೀಬೇಡಿ. ಹೊಟ್ಟೂ ಅಂಟೂ ಸೇರಿ ಟ್ರ್ಯಾಪೊಳಗೆ ನಿಮಗಿಂತ ಗಟ್ಟಿ ಜಾಯಿಂಟು ಮಾಡ್ತವೆ."

ಮೂರು ತಿಂಗಳ ಫೈಲಿನಲ್ಲಿ ಇಲ್ಲದ ಉತ್ತರ ಅರ್ಧ ಲೋಟ ಕಾಫಿಯೊಳಗೆ ಮುಗಿದಿತ್ತು. ಸೋಮವಾರದಿಂದ ಕೆಲಸ ಎಂದಾಯಿತು. ಭಾನುವಾರ ಯಜಮಾನರು ವಾಯವ್ಯದಲ್ಲಿ ಮತ್ತೆ ಹಾಳೆ ಮಲಗಿಸಿ, ಹೊಸದಾಗಿ ರಂಗೋಲಿ ಎಳೆದು ಊಟಕ್ಕೆ ಹೋದರು.

ವಾಪಸು ಬಂದಾಗ ಮೊಮ್ಮಗಳು ಒಂಟಿಕಾಲಿನಲ್ಲಿ ನಿಂತಿದ್ದಳು. ಹಂಚಿನ ಚೂರೊಂದು ಸರಿಯಾಗಿ ಕಮೋಡಿನ ವೃತ್ತದೊಳಗೆ ಬಿದ್ದಿತ್ತು. ಅವಳು ಬೇಸಿನ್ನಿನ ತ್ರಿಕೋನದಿಂದ ಕುಂಟುತ್ತಾ ಹೋಗಿ ಬಿಲ್ಲೆ ಎತ್ತಿ, ತಿರುಗಲು ನೋಡಿ, ಸಮತೋಲ ತಪ್ಪಿ ಗೆರೆ ತುಳಿದಳು.

"ತಾತ, ಈ ಮನೇಲಿ ತಿರುಗೋಕೇ ಜಾಗ ಇಲ್ಲ. ಕುಂಟೆಬಿಲ್ಲೆ ಯಾರಾದ್ರೂ ಹೀಗೆ ಬರೀತಾರಾ?"

ಯಜಮಾನರು ಕಿವಿಯ ಹಿಂದಿನ ಪೆನ್ಸಿಲ್ ತೆಗೆದರು. ಟೇಪು ಹಿಡಿದರು. ಮಂಡಿ ಮುಂದೆ ಹದಿನೆಂಟೇ ಇಂಚಿತ್ತು. ಒದ್ದೆಬಟ್ಟೆಗಾಗಿ ಅಡುಗೆಮನೆಯ ಕಡೆ ಹೊರಟಾಗ ಹಿಂದಿನಿಂದ ಹೊಟ್ಟಿನ ಹೆಜ್ಜೆಗಳು ಹಿಂಬಾಲಿಸುತ್ತಿದ್ದವು. ಬಾಗಿಲಲ್ಲಿ ಆಕೆ ಪೊರಕೆ ಹಿಡಿದು ನಿಂತಿದ್ದರು. "ಎಂಟು," ಎಂದರು.