ಗಂಜಿ ನೂಲಿನ ಗಂಡಾಂತರ

ನಿಮ್ಮ ಮನೆಯ ಬಾಗಿಲ ಹಿಂದಿನ ಮೊಳೆಗೂ ಒಂದು ನೇತಾಡುತ್ತಿರಬೇಕು, ನೋಡಿ: ಯಾರದೋ ಮದುವೆಯಲ್ಲಿ ತೆಂಗಿನಕಾಯಿ ಹಾಕಿ ಕೊಟ್ಟ ಕೆಂಪು ಚೀಲ, ವಧೂವರರ ಹೆಸರಿನ ಸಮೇತ. ಅದನ್ನು ಬಟ್ಟೆಯೆಂದು ನಂಬಿ ಒಗೆದು ಇಸ್ತ್ರಿ ಮಾಡಿದವರು ಕೈ ಎತ್ತಿ. ನಾಚಬೇಡಿ, ನನ್ನ ಕೈ ಆಗಲೇ ಮೇಲಿದೆ. ಹತ್ತಿಬಟ್ಟೆಗೆಂದು ತಿರುಗಿಸಿಟ್ಟ ಇಸ್ತ್ರಿಪೆಟ್ಟಿಗೆ 200 ಡಿಗ್ರಿಯ ಹತ್ತಿರ ಹೋಗುತ್ತದೆ. ಚೀಲದೊಳಗಿನ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ 160ರ ಆಸುಪಾಸಿಗೇ ಕರಗಿ ಕೈಮುಗಿಯುತ್ತದೆ. ಅದು ಪೆಟ್ಟಿಗೆಯ ತಳಕ್ಕೆ ಮೆತ್ತಿದ್ದು ತಿಳಿಯದೆ, ಅಳಿಯನ ನಿಶ್ಚಿತಾರ್ಥಕ್ಕೆಂದು ತೆಗೆದಿಟ್ಟ ಬಿಳಿ ಧೋತರದ ಮೇಲೆ ಅದನ್ನೇ ಎಳೆದೆ. ಇಟಿಕ್ಯಾಲದಿಂದ ರಾಯಚೂರಿನವರೆಗಿನ ನೆಂಟರೆಲ್ಲ ಆ ದಿನ ನನ್ನ ಸೊಂಟದ ಮೇಲೆ ಮತ್ಯಾರದೋ ಮದುವೆಯ ಕರೆಯೋಲೆ ಓದಿದರು.

ನನಗೆ ರೋಷ ಬಂತು. ಗದ್ವಾಲ ಸೀರೆಯ ಸೀಮೆಯವನು ನಾನು. ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಎಳೆಗೆ ಎಳೆ ಕೊಕ್ಕೆ ಹಾಕಿ ಜೋಡಿಸುವುದನ್ನು ನೋಡುತ್ತ ಬೆಳೆದವನಿಗೆ ಬಟ್ಟೆ ಯಾವುದು, ಪ್ಲಾಸ್ಟಿಕ್ ಯಾವುದು ತಿಳಿಯಲಿಲ್ಲವೆ? ಕೂತು ಓದಿದೆ. ಚೀಲದ ಈ ನಾನ್‌ವೋವನ್, ಅಂದರೆ ನೇಯದ, ಬಟ್ಟೆಗೆ ಮಗ್ಗವಿಲ್ಲ, ಹಾಸಿಲ್ಲ, ಹೊಕ್ಕಿಲ್ಲ. ಪ್ಲಾಸ್ಟಿಕ್ ಕರಗಿಸಿ, ಸಣ್ಣ ತೂತುಗಳ ಬಿಲ್ಲೆಯಿಂದ ಒತ್ತಿ, ಜೋರು ಗಾಳಿಯಿಂದ ಎಳೆ ಜಗ್ಗಿ, ಓಡುವ ಪಟ್ಟಿಯ ಮೇಲೆ ಹರವಿ, ಕಾದ ಉರುಳೆಗಳ ನಡುವೆ ಒತ್ತಿದರೆ ಮುಗಿಯಿತು. ಮುಂದಿನ ಪುಟದಲ್ಲಿ ನನ್ನ ಗ್ರಹಚಾರ ಕಾದಿತ್ತು: ಈ ಪ್ಲಾಸ್ಟಿಕ್ಕಿಗೆ ಪಿಷ್ಟ ಬೆರೆಸಿ ನವಿರು ಎಳೆ ತೆಗೆಯಬಹುದು, ಮಕ್ಕಳ ಡೈಪರ್ ಮಾಡುವ ಪ್ರಾಕ್ಟರ್ ಆಂಡ್ ಗ್ಯಾಂಬಲ್ ಕಂಪನಿ ಇದಕ್ಕೆ ಪೇಟೆಂಟನ್ನೂ ಪಡೆದಿದೆ. ಪಿಷ್ಟ ಅಂದರೆ ಗಂಜಿ ತಾನೆ? ಗಂಜಿ ನಮ್ಮ ಮನೆಯಲ್ಲೇ ಇದೆಯಲ್ಲ! ನಿಮಗೂ ಇಂಥ ಯೋಚನೆ ಬಂದೇ ಇರುತ್ತದೆ. ಪಕ್ಕದಲ್ಲಿ ಯಾರೋ ತಡೆದಿರುತ್ತಾರೆ, ಅಷ್ಟೆ.

ಮೊದಲು ಕಾರ್ನ್ ಫ್ಲೋರನ್ನು ಬಾಣಲೆಗೆ ಸುರಿದು, ಕರಗಲಿ ಎಂದು ಉರಿ ಏರಿಸಿದೆ. ಪಿಷ್ಟಕ್ಕೆ ಕರಗುವ ಅಭ್ಯಾಸವಿಲ್ಲ. ಅದರ ಸರಪಳಿಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದಿರುತ್ತವೆಂದರೆ, ಬಿಡಿಸಿಕೊಳ್ಳುವ ಮೊದಲೇ ಸುಟ್ಟು ಕರಕಾಗುತ್ತವೆ. ಹೊಗೆಗೆ ಹೆದರಿ ಪಕ್ಕದ ಮನೆಯವರು ಬಿಂದಿಗೆ ಹಿಡಿದು ಓಡಿಬಂದರು. “ಏನ್ರೀ, ಇದು ಅಡಿಗಿಮನಿ ಅನ್ನೂದು ಗೊತ್ತೈತಿಲ್ಲೋ ನಿಮಗ?” ಎಂದಳು ಹೆಂಡತಿ. ಅದೇ ಕ್ಷಣದಿಂದ ಅದು ಗೊತ್ತಾಯಿತು, ಯಾಕೆಂದರೆ ನಾನು ಹಿತ್ತಲಲ್ಲಿದ್ದೆ.

ಪಿಷ್ಟ ಮೆತ್ತಗಾಗಲು ನೀರಿನ ಜೊತೆ ಗ್ಲಿಸರಿನ್ ಬೇಕಂತೆ. ಔಷಧಿ ಅಂಗಡಿಯಲ್ಲಿದ್ದ ಶೀಶೆಗಳನ್ನೆಲ್ಲ ಕೇಳಿದೆ. ಅಂಗಡಿಯವರು ಕನಿಕರದಿಂದ, “ಮನ್ಯಾಗ ಎಲ್ಲರ ತುಟಿನೂ ಒಡದಾವೇನ್ರೀ?” ಎಂದರು. ಸಂಶೋಧನೆ ಗುಟ್ಟಾಗಿರಬೇಕಲ್ಲ, ಹೂಂ ಎಂದುಬಿಟ್ಟೆ. ಸಂಜೆಯೊಳಗೆ ಊರವರು ಒಬ್ಬೊಬ್ಬರಾಗಿ ಬೆಣ್ಣೆ ತಂದುಕೊಟ್ಟು, ಮನೆಮಂದಿಯ ತುಟಿ ನೋಡಿಕೊಂಡು ಹೋದರು.

ಇನ್ನು ಬೆರಕೆ. ಪಿಷ್ಟಕ್ಕೆ ನೀರೆಂದರೆ ಪ್ರಾಣ, ಪಾಲಿಪ್ರೊಪಿಲೀನಿಗೆ ನೀರೆಂದರೆ ಆಗದು. ಕಾರ್ಖಾನೆಯಲ್ಲಿ ಇವೆರಡನ್ನೂ ಹೊಂದಿಸಲು ಮ್ಯಾಲಿಕ್ ಅನ್‌ಹೈಡ್ರೈಡ್ ಕೂಡಿಸಿದ ಪ್ಲಾಸ್ಟಿಕ್ಕನ್ನು ಮಧ್ಯಸ್ತಿಕೆಗೆ ಕೂರಿಸುತ್ತಾರೆ. ಹಿತ್ತಲಲ್ಲಿ ಮಧ್ಯಸ್ತಿಕೆಗೆ ನಾನೊಬ್ಬನೇ. ಕರಗಿದ ಚೀಲದ ತುಣುಕಿಗೆ ಹಸಿ ಗಂಜಿ ಬಿದ್ದದ್ದೇ ತಡ, ಒಳಗಿನ ನೀರೆಲ್ಲ ಒಮ್ಮೆಲೇ ಹಬೆಯಾಗಿ ಢಂ ಎಂದಿತು. ಗೋಡೆ, ತುಳಸಿಕಟ್ಟೆ, ನನ್ನ ಮೀಸೆ ಮೂರಕ್ಕೂ ಒಂದೇ ಬಣ್ಣ. ಮೀಸೆಯನ್ನು ಮಾತ್ರ ಬೋಳಿಸಬೇಕಾಯಿತು.

ಉಳಿದದ್ದನ್ನು ಶಾವಿಗೆ ಒತ್ತುವ ಒರಳಿಗೆ ತುಂಬಿ ಒತ್ತಿದೆ. ಬಂದದ್ದು ಎರೆಹುಳು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವಾದರೆ, ಈ ಬಟ್ಟೆಯ ಎಳೆ 15ರಿಂದ 20 ಮೈಕ್ರಾನ್. ಮೆಕ್ಕೆಜೋಳದ ಪಿಷ್ಟದ ಒಂದೊಂದು ಕಣವೂ ಹೆಚ್ಚುಕಮ್ಮಿ ಅಷ್ಟೇ ಗಾತ್ರ! ಕಣವನ್ನು ಪೂರ್ತಿ ಒಡೆದು ಕರಗಿಸದಿದ್ದರೆ ಅದು ಇದ್ದಲ್ಲೇ ಎಳೆ ತುಂಡಾಗುತ್ತದೆ. ಗಾಳಿ ಸಾಲದೆಂದು ಟೇಬಲ್ ಫ್ಯಾನ್ ಹಚ್ಚಿದೆ. ಒರಳು, ಎರೆಹುಳು ಎಲ್ಲ ಒಣಹಾಕಿದ್ದ ಸಂಡಿಗೆಯ ಮೇಲೆ ಬಿದ್ದವು. ಯಾವುದು ಸಂಡಿಗೆ, ಯಾವುದು ಸಂಶೋಧನೆ ಎಂದು ಆರಿಸಿದವಳು ಅವ್ವ. ಎಲ್ಲವನ್ನೂ ಆರಿಸಿಲ್ಲವೆಂಬುದು ಊಟಕ್ಕೆ ಕೂತಾಗ ನನ್ನ ಹಲ್ಲಿಗೆ ತಿಳಿಯಿತು.

ಕೊನೆಗೆ ಜ್ಞಾನೋದಯವಾದದ್ದು ಕೃಷ್ಣಾ ದಂಡೆಯ ಬೀಚುಪಲ್ಲಿ ಆಂಜನೇಯನ ಜಾತ್ರೆಯಲ್ಲಿ. ಬಾಂಬೆ ಮಿಠಾಯಿ, ನಮ್ಮ ತೆಲುಗು ನೆರೆಯವರ ಪೀಚು ಮಿಠಾಯಿ, ತಿರುಗುತ್ತ ಎಳೆ ಬಿಡುತ್ತಿತ್ತು. ಕರಗಿದ ಸಕ್ಕರೆ ತೂತಿನಿಂದ ಹಾರಿ ಎಳೆಯಾಗುವುದು. ನೇಯದ ಬಟ್ಟೆಯೆಂದರೆ ಅದೇ! ಮಾಲೀಕರಿಗೆ ದಿನದ ದುಡಿಮೆ ಕೊಟ್ಟು ಯಂತ್ರ ಬಾಡಿಗೆಗೆ ಪಡೆದೆ. ಪ್ಲಾಸ್ಟಿಕ್ಕಿನ ಸಹವಾಸ ಬಿಟ್ಟು ಸಕ್ಕರೆಗೆ ಗಂಜಿಪುಡಿ ಬೆರೆಸಿದೆ. ತೂತು ಕಟ್ಟಿತು, ಯಂತ್ರ ನರಳಿತು, ಗುಲಾಬಿ ಎಳೆಯೆಲ್ಲ ನನಗೇ ಸುತ್ತಿತು. ಮಕ್ಕಳು ನನ್ನ ತೋಳು ನೆಕ್ಕಲು ಸಾಲು ನಿಂತರು. ಅವರಿಂದ ಉಳಿಸಿಕೊಂಡ ಎಳೆಗಳನ್ನು ಎರಡು ಹಂಚಿನ ನಡುವೆ ಒತ್ತಿ ಚೀಲ ಮಾಡಿದೆ. ಮಾಡಿಯೇಬಿಟ್ಟೆ!

ಅದನ್ನು ಹಿಡಿದು ಗದ್ವಾಲದ ಸಂತೆಗೆ ಹೋದೆ, ಎದೆ ಉಬ್ಬಿಸಿ. ಉಳ್ಳಾಗಡ್ಡಿ ತುಂಬಿಸಿಕೊಂಡೆ. ತುಂತುರು ಶುರುವಾಯಿತು. ಚೀಲ ಪಾಯಸವಾಯಿತು. ಉಳ್ಳಾಗಡ್ಡಿ ಉರುಳಿದತ್ತ ಇಡೀ ಸಂತೆ ಬಾಗಿ ಆರಿಸಿಕೊಟ್ಟಿತು. ನಾನು ಮಾತ್ರ ಬಾಗಲಾರೆ, ಗಂಜಿ ಒಣಗಿ ಧೋತರ ತಗಡಾಗಿತ್ತು. ಕೈಯಲ್ಲುಳಿದ ಹಿಡಿಕೆಯನ್ನು ಒಂದು ಆಡು ಬಂದು ತಿಂದಿತು. ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ಕಿಗೆ ಐಎಸ್ 17088 ಮಾನದಂಡ 180 ದಿನದ ಗಡುವು ಕೊಡುತ್ತದೆ. ಆಡು ಅಷ್ಟು ಕಾಯಲಿಲ್ಲ.

ಇಷ್ಟಕ್ಕೂ ಪಾಲಿಪ್ರೊಪಿಲೀನಿಗೆ ಪಿಷ್ಟ ಬೆರೆಸಿದ ಚೀಲ ಮಣ್ಣಿಗೆ ಬಿದ್ದರೆ, ಸೂಕ್ಷ್ಮಜೀವಿಗಳು ಪಿಷ್ಟವನ್ನು ತಿಂದು ಪ್ಲಾಸ್ಟಿಕ್ಕನ್ನು ಪುಡಿಯಾಗಿ ಹಾಗೇ ಬಿಡುತ್ತವೆ. ಪೂರ್ತಿ ಕೊಳೆಯಬೇಕಾದರೆ ಜೊತೆಗಾರ ಪ್ಲಾಸ್ಟಿಕ್ಕೂ ಕೊಳೆಯುವಂಥದ್ದೇ ಆಗಬೇಕು. 2021ರ ಸೆಪ್ಟೆಂಬರ್ 30ರಿಂದ ಚದರ ಮೀಟರಿಗೆ 60 ಗ್ರಾಮಿಗಿಂತ ತೆಳುವಾದ ನಾನ್‌ವೋವನ್ ಪ್ಲಾಸ್ಟಿಕ್ ಚೀಲಕ್ಕೆ ದೇಶದಲ್ಲಿ ನಿಷೇಧವಿದೆ. ನಿಮಗೆ ಅನುಮಾನವಿದ್ದರೆ ಚೀಲದ ಒಂದು ಎಳೆಯನ್ನಷ್ಟೇ ಸುಟ್ಟು ನೋಡಿ: ಹತ್ತಿ ಬೂದಿಯಾಗುತ್ತದೆ, ಪ್ಲಾಸ್ಟಿಕ್ ಗಟ್ಟಿ ಮಣಿಯಾಗುತ್ತದೆ. ಅಂದಹಾಗೆ, ನಮ್ಮಲ್ಲಿ ಕಾರ್ನ್ ಫ್ಲೋರ್ ಬೇಕಾದಷ್ಟಿದೆ, ಬಂದು ಒಯ್ಯಿರಿ. ಗ್ಲಿಸರಿನ್ ಮಾತ್ರ ಕೇಳಬೇಡಿ. ಚಳಿ ಶುರುವಾಗಿದೆ, ಮನೆಮಂದಿಯ ತುಟಿ ಈಗ ನಿಜಕ್ಕೂ ಒಡೆದಿವೆ.