ಚೌಕವೇ ಶ್ರೇಷ್ಠ: ಒಂದು ಕುಣಿತ-ಮೀಮಾಂಸೆ

ಯಾವ ಶಾಸ್ತ್ರಗ್ರಂಥವೂ ಮೊದಲು ತನ್ನ ಅಧಿಕಾರಿ ಯಾರೆಂದು ಹೇಳಬೇಕು. ಎರಡು ಕಾಲೂ ಎಡ-ಬಲದ ತಿಳಿವಳಿಕೆಯೂ ಇರುವವರೆಲ್ಲ ಈ ಗ್ರಂಥಕ್ಕೆ ಅಧಿಕಾರಿಗಳು. ಎರಡನೆಯ ಅರ್ಹತೆ ಎಷ್ಟು ದುರ್ಲಭವೆಂಬುದು ಅಮೆರಿಕದ ಸ್ಕ್ವೇರ್ ಡ್ಯಾನ್ಸ್ ಹಾಲಿನಲ್ಲಿ ‘ಅಲಮಾಂಡ್ ಲೆಫ್ಟ್’ ಎಂಬ ಆಜ್ಞೆ ಹೊರಟ ಮರುಕ್ಷಣವೇ ಗೊತ್ತಾಗುತ್ತದೆ: ಎಡಗೈ ಚಾಚಬೇಕಾದಲ್ಲಿ ಬಲಗೈಗಳೂ ಧಾರಾಳವಾಗಿ ಹೊರಬರುತ್ತವೆ.

ಇನ್ನು ವಿಷಯ. ಸ್ಕ್ವೇರ್‌ನಲ್ಲಿ ನಾಲ್ಕು ಜೋಡಿ ಚೌಕದ ನಾಲ್ಕು ಬದಿಗೆ ನಿಲ್ಲುತ್ತವೆ. ಕಾಂಟ್ರಾ ಎಂಬ ಇನ್ನೊಂದು ಕುಣಿತದಲ್ಲಿ ಜೋಡಿಗಳು ಹಾಲಿನ ಉದ್ದಕ್ಕೂ ಸಾಲುಗಟ್ಟುತ್ತವೆ. ಎರಡಕ್ಕೂ ಮೈಕ್ ಹಿಡಿದ ಸೂತ್ರಧಾರನೊಬ್ಬನುಂಟು.

ಪೂರ್ವಪಕ್ಷ ಕಾಂಟ್ರಾವಾದಿಗಳದು. ಸೂತ್ರಧಾರ ಮೊದಲೇ ನಡೆಸಿ ತೋರಿಸುತ್ತಾನೆ, ನಾಲ್ಕಾರು ಸುತ್ತು ಕೂಗುತ್ತಾನೆ, ಆಮೇಲೆ ತೆಪ್ಪಗಾಗುತ್ತಾನೆ. 64 ತಾಳಗಳ ಅದೇ ಕುಣಿತ ಮರಳಿ ಮರಳಿ ಬರುವುದರಿಂದ ಬುದ್ಧಿಗೆ ರಜೆ. ಪಿಟೀಲಿನವರಿಗೆ ಮಾತ್ರ ದುಡಿಮೆ. ಪ್ರತಿ ಸುತ್ತಿಗೂ ಹೊಸ ನೆರೆಯವರು ಎದುರಾಗುತ್ತಾರೆ. ಸಾಲಿನ ತುದಿ ಮುಟ್ಟಿದ ಜೋಡಿ ಒಂದು ಸುತ್ತು ಸುಮ್ಮನೆ ನಿಂತು, ಬದಿ ಬದಲಿಸಿಕೊಂಡು, ಬಂದ ದಾರಿಯಲ್ಲೇ ಮರಳುತ್ತದೆ. ಇದು ಪುನರ್ಜನ್ಮವೆಂದು ಕಾಂಟ್ರಾದ ನೆಲೆಯಾದ ನ್ಯೂ ಇಂಗ್ಲೆಂಡಿನಲ್ಲಿ ಯಾರಿಗೂ ಹೊಳೆಯದಿರುವುದು ಸೋಜಿಗ. ಗಿರಗಿರನೆ ತಿರುಗುವಾಗ ಜೊತೆಗಾರರ ಕಣ್ಣಲ್ಲಿ ಕಣ್ಣಿಟ್ಟರೆ ತಲೆ ಸುತ್ತುವುದಿಲ್ಲ ಎನ್ನುವುದೂ ಅವರ ವಾದವೇ. ನಮ್ಮ ಶೃಂಗಾರಕವಿಗಳ ಅನುಭವ ಇದಕ್ಕೆ ತೀರ ವಿರುದ್ಧವಾಗಿದೆ.

ಇದಕ್ಕೆ ಸಿದ್ಧಾಂತ ಹೇಳುತ್ತೇವೆ. ಮುಂದೇನೆಂದು ಮೊದಲೇ ತಿಳಿದ ಮೇಲೆ ಕುಣಿಯುವುದೇಕೆ? ಆಧುನಿಕ ಸ್ಕ್ವೇರ್‌ನ ಸೂತ್ರಧಾರ ನಿಂತಲ್ಲೇ ಆಜ್ಞೆಗಳನ್ನು ಹೊಸೆಯುತ್ತಾನೆ. ಎಂಟು ಜನ ಕಿವಿ ನಿಮಿರಿಸಿಕೊಂಡೇ ಕುಣಿಯುತ್ತಾರೆ. ಆಜ್ಞೆಗಳಿಗೆ ದರ್ಜೆಗಳುಂಟು: ಬೇಸಿಕ್, ಮೇನ್‌ಸ್ಟ್ರೀಮ್, ಪ್ಲಸ್, ಅಡ್ವಾನ್ಸ್ಡ್, ಚಾಲೆಂಜ್. ಇವುಗಳ ಉಸ್ತುವಾರಿಗೆ 1974ರಲ್ಲಿ ಹುಟ್ಟಿದ ಕಾಲರ್‌ಲ್ಯಾಬ್ ಎಂಬ ಸಂಸ್ಥೆಯೇ ಇದೆ. ಹೆಜ್ಜೆ ಹಾಕಲಿಕ್ಕೂ ಪಠ್ಯಕ್ರಮವಿದೆ ಎಂದಮೇಲೆ ಪಂಡಿತನಾದವನು ಬೇರೆ ಪಕ್ಷ ಹಿಡಿಯುವುದುಂಟೆ? ಪ್ಲಸ್ ದರ್ಜೆಯ ‘ಲೋಡ್ ದ ಬೋಟ್’ನಲ್ಲಿ ದೋಣಿಯೂ ಇಲ್ಲ, ಸರಕೂ ಇಲ್ಲ. ತಾರ್ಕಿಕರ ಮೊಲದ ಕೊಂಬು ಕೊನೆಗೂ ಸಿಕ್ಕಿದ್ದು ಇಲ್ಲಿಯೇ. ಜಪಾನಿನಲ್ಲೂ ಇವನ್ನು ಇಂಗ್ಲಿಷಿನಲ್ಲೇ ಕೂಗುತ್ತಾರಾದ್ದರಿಂದ ಮಂತ್ರಲಕ್ಷಣವೂ ಸಿದ್ಧಿಸಿತು.

ತಪ್ಪಿನ ವಿಚಾರ ಇನ್ನೂ ಸೂಕ್ಷ್ಮ. ಕಾಂಟ್ರಾದಲ್ಲಿ ಎಡವಿದವನನ್ನು ಸಾಲೇ ಮುಂದಕ್ಕೆ ಸಾಗಿಸಿಬಿಡುತ್ತದೆ, ಪಶ್ಚಾತ್ತಾಪಕ್ಕೂ ಪುರುಸೊತ್ತಿಲ್ಲ. ಸ್ಕ್ವೇರ್‌ನಲ್ಲಿ ಒಬ್ಬ ಎಡವಿದರೆ ಎಂಟೂ ಜನ ಕೆಡುತ್ತಾರೆ. ಪಕ್ಕದ ಚೌಕ ಸರಾಗವಾಗಿ ಸುತ್ತುತ್ತಿರುವಾಗ ಇವರು ತಂತಮ್ಮ ಜಾಗಕ್ಕೆ ಮರಳಿ, ಗರಿಗರಿ ಲಂಗಗಳನ್ನು ನೇವರಿಸಿಕೊಳ್ಳುತ್ತ, ತಪ್ಪು ಯಾರದೆಂದು ಕಣ್ಣಲ್ಲೇ ವಿಚಾರಣೆ ನಡೆಸುತ್ತಾರೆ. ಇಂಥ ಸಾಮೂಹಿಕ ಪಾಪದ ಸುಖ ಕಾಂಟ್ರಾದವರಿಗೆಲ್ಲಿಯದು?

ರಾಜಪ್ರಮಾಣವೂ ಉಂಟು. 1982ರಲ್ಲಿ ಅಧ್ಯಕ್ಷ ರೇಗನ್ ಸಹಿಯಿಂದ ಸ್ಕ್ವೇರ್ ಡ್ಯಾನ್ಸ್ ಅಮೆರಿಕದ ರಾಷ್ಟ್ರೀಯ ಜಾನಪದ ನೃತ್ಯವಾಯಿತು. ಆ ಪಟ್ಟ 1982 ಮತ್ತು 1983ಕ್ಕೆ ಮಾತ್ರವೆಂದು ಪ್ರತಿವಾದಿಗಳು ಆಕ್ಷೇಪಿಸುತ್ತಾರೆ. ಪ್ರಮಾಣಕ್ಕೆ ವಾಯಿದೆ ಕೇಳುವುದು ಸಭ್ಯರ ಲಕ್ಷಣವಲ್ಲ.

ಕಾಂಟ್ರಾ ರಾತ್ರಿಗಳಲ್ಲೂ ನಡುವೆ ಒಂದೆರಡು ಸ್ಕ್ವೇರ್ ಕೂಗಿಸುವುದುಂಟು. ಪೂರ್ವಪಕ್ಷಿಗಳು ಆಗ ನಗುನಗುತ್ತಲೇ ಚೌಕಕ್ಕೆ ನಿಲ್ಲುತ್ತಾರೆ. ಇದನ್ನು ನಾವು ಬೇಷರತ್ತಾದ ಶರಣಾಗತಿಯೆಂದು ದಾಖಲಿಸಿದ್ದೇವೆ. ಬರೀ ಮಜಕ್ಕೆ ನಿಂತೆವು ಎಂಬ ಅವರ ಸಮಜಾಯಿಷಿ ಪ್ರಮಾಣಬಾಹ್ಯ.